ಚಾಂಪಿಯನ್ ರೀಫ್‌ನಲ್ಲಿ ಒಂದು ಕ್ರಿಯಾಪದ

ಚಾಂಪಿಯನ್ ನಿಲ್ದಾಣದಲ್ಲಿ ಇಳಿದಾಗ ಬೆಳಿಗ್ಗೆ ಒಂಬತ್ತೂವರೆ. ಬಂಗಾರಪೇಟೆಯಿಂದ ಇಲ್ಲಿಯವರೆಗೆ ನಮ್ಮ ಡಬ್ಬಿಯಲ್ಲಿದ್ದದ್ದು ಏಳೆಂಟು ಮಂದಿ, ಮೂರು ಕ್ರೇಟು ಟೊಮೆಟೊ. ಇದೇ ಹಳಿಯ ಮೇಲೆ ಬೆಳಗಿನ ಜಾವ ಬೆಂಗಳೂರಿಗೆ ಹೋಗುವ ಗಾಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಸುಕಿನಲ್ಲಿ ಬೆಂಗಳೂರಿಗೆ ಹೊರಡುವುದು, ರಾತ್ರಿ ಮಲಗಲು ಮರಳುವುದು, ಇದು ಈಗ ಚಿನ್ನದ ಗಣಿಗಳ ಊರಾಗಿದ್ದ ಕೆಜಿಎಫ್‌ನ ಕಸುಬು. ಎದುರು ದಿಕ್ಕಿನಲ್ಲಿ ಬರುವ ನನ್ನಂಥವರಿಗೆ ಕಾಲು ಚಾಚಿ ಕೂರುವಷ್ಟು ಸೀಟು.

1894ರಲ್ಲಿ ಹಾಕಿದ ಮಾರ್ಗವಿದು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂದು ಹೆಸರು. ಅದೇ ವರ್ಷ ಮಂಗಳೂರಿನಲ್ಲಿ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ಒಂದಕ್ಕೂ ಇನ್ನೊಂದಕ್ಕೂ ಏನೂ ಸಂಬಂಧವಿಲ್ಲ. ಆದರೆ ನಾನು ಇಲ್ಲಿಗೆ ಬಂದಿರುವುದು ಒಂದು ಪದದ ದೆಸೆಯಿಂದ. ಹಾಗಾಗಿ ದಾರಿಯುದ್ದಕ್ಕೂ ನಿಘಂಟುಗಳೇ ತಲೆಯಲ್ಲಿದ್ದವು.

ನಾನು ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಹೋದ ತಿಂಗಳು ‘ನನ್ನ ಊರು’ ಎಂದು ಎರಡು ಪುಟದ ಪ್ರಬಂಧ ಬರೆಯಲು ಕೊಟ್ಟಿದ್ದೆ. ಇಪ್ಪತ್ತೆಂಟು ಹಾಳೆಗಳಲ್ಲಿ ಕೆರೆ ‘ಬ್ಯೂಟಿಫುಲ್’, ದೇವಸ್ಥಾನ ‘ಏನ್ಷಿಯೆಂಟ್’, ಜನ ‘ಇನ್ನೊಸೆಂಟ್’. ಇಪ್ಪತ್ತೊಂಬತ್ತನೆಯದು ಚಾಂಪಿಯನ್ ರೀಫ್‌ನ ಹುಡುಗಿಯದು. ಅದರ ಮೂರನೇ ಪ್ಯಾರಾ ಹೀಗೆ ಶುರುವಾಗುತ್ತಿತ್ತು: ‘ದೇ ಡಿಕೇಡ್ ಅವರ್ ಟೌನ್.’ ಅವರು ನಮ್ಮೂರನ್ನು ಡಿಕೇ ಮಾಡಿದರು.

ಕೆಂಪು ಪೆನ್ನು ತಾನಾಗಿಯೇ ಒಂದು ಸುತ್ತು ಬಂತು. ಡಿಕೇ ಎನ್ನುವುದು ಅಕರ್ಮಕ. ಅದು ತನ್ನಷ್ಟಕ್ಕೆ ತಾನು ಆಗುವ ಕ್ರಿಯೆ. ಎಲೆ ಡಿಕೇ ಆಗುತ್ತದೆ, ಮರ ಡಿಕೇ ಆಗುತ್ತದೆ. ಯಾರೂ ಯಾವುದನ್ನೂ ಡಿಕೇ ಮಾಡುವುದಿಲ್ಲ. ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ಹಾಗಾದ್ರೆ ಏನು ಬರೀಬೇಕಿತ್ತು ಮೇಡಂ?”

ಡಿಸ್ಟ್ರಾಯ್ ಅಂದೆ. “ಬಾಂಬ್ ಹಾಕಿಲ್ವಲ್ಲ ಮೇಡಂ” ಅಂದಳು. ರೂಯಿನ್? “ಅದು ಹಂಪಿಗೆ ಹೇಳ್ತಾರಲ್ವಾ?” ನೆಗ್ಲೆಕ್ಟ್? ತುಸು ಯೋಚಿಸಿ, “ನೆಗ್ಲೆಕ್ಟ್ ಅಂದ್ರೆ ಅವರು ಸುಮ್ಮನಿದ್ರು ಅಂತ ಮಾತ್ರ ಆಗುತ್ತೆ. ಊರಿಗೆ ಏನಾಯ್ತು ಅಂತ ಬರಲ್ಲ” ಅಂದಳು. ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ನನ್ನನ್ನು ಹೀಗೆ ಗೋಡೆಗೆ ಒರಗಿಸಿದವರು ಕಡಿಮೆ. “ನೀವೇ ಒಂದ್ಸಲ ಬಂದು ನೋಡಿ, ತಾತ ಎಲ್ಲಾ ತೋರಿಸ್ತಾರೆ” ಎಂದು ಕರೆದಳು. ಬಂದೆ.

ತಾತ ಪ್ಲಾಟ್‌ಫಾರಂನಲ್ಲೇ ಕಾಯುತ್ತಿದ್ದರು. ಎಪ್ಪತ್ತು ದಾಟಿದ ದೇಹ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನು. ಗಣಿಯಲ್ಲಿ ವೈಂಡಿಂಗ್ ಎಂಜಿನ್ನಿನ ಫಿಟ್ಟರ್ ಆಗಿದ್ದವರು, ಅಂದರೆ ಜನರನ್ನೂ ಅದಿರನ್ನೂ ಪಾತಾಳಕ್ಕಿಳಿಸಿ ಮೇಲೆತ್ತುವ ಯಂತ್ರದ ಉಸ್ತುವಾರಿ. ಅವರ ಅಪ್ಪ ಉತ್ತರ ಆರ್ಕಾಟಿನಿಂದ ಬಂದು ಕಲ್ಲು ಕೊರೆದವರು. ಮನೆಮಾತು ತಮಿಳು, ನನ್ನೊಡನೆ ಕೋಲಾರದ ಕನ್ನಡ, ಯಂತ್ರದ ವಿಷಯ ಬಂದರೆ ಇಂಗ್ಲಿಷ್.

“ಮೊದಲು ಬಂಗ್ಲೆ ನೋಡೋಣ. ಬಿಸಿಲು ಏರಿದ ಮೇಲೆ ದಿಬ್ಬ ಹತ್ತಕ್ಕಾಗಲ್ಲ” ಅಂದರು.

ಬಂಗಲೆಗೆ ಹೋಗುವ ರಸ್ತೆಯ ಎರಡೂ ಕಡೆ ದೊಡ್ಡ ಮರಗಳು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಅದರ ಎಂಜಿನಿಯರುಗಳು ತಮ್ಮ ಊರಿನದೊಂದು ತುಂಡನ್ನೇ ತಂದು ಈ ಕಲ್ಲುನೆಲದಲ್ಲಿ ನೆಟ್ಟರು: ಕ್ಲಬ್ಬು, ಗಾಲ್ಫ್, ಚರ್ಚು, ಚಿಮಣಿ ಇರುವ ಮನೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ನೇರ ಇಲ್ಲಿಗೆ ಬಂತು, ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ. ನಾವು ನಿಂತ ಬಂಗಲೆಯ ಗೋಡೆಯಲ್ಲಿ ಆ ಕಾಲದ್ದಿರಬೇಕಾದ ಪಿಂಗಾಣಿ ಸ್ವಿಚ್ಚು ಇನ್ನೂ ಇದೆ. ಗೋಡೆಯೇ ಅರ್ಧ ಇಲ್ಲ.

ಇಂಗ್ಲಿಷ್ ಮೇಡಂ ಬಂದ ಕೆಲಸ ಇಲ್ಲೇ ಶುರುವಾಯಿತು ಅನ್ನಿ. ಹೊಸ್ತಿಲ ಮುಂದೆ ನಿಂತು ಒಂದೊಂದಕ್ಕೂ ಇಂಗ್ಲಿಷ್ ಕ್ರಿಯಾಪದ ಹುಡುಕತೊಡಗಿದೆ. ಗಾರೆ ಕ್ರಂಬಲ್ ಆಗಿದೆ. ಕ್ರಂಬ್ ಅಂದರೆ ರೊಟ್ಟಿಯ ಪುಡಿ. ಗೋಡೆಯೂ ರೊಟ್ಟಿಯಂತೆ ಉದುರುತ್ತದೆ ಎಂಬ ಲೆಕ್ಕ. ಕಿಟಕಿಯ ಚೌಕಟ್ಟು ರಾಟ್ ಆಗಿದೆ. ಸರಳು ರಸ್ಟ್ ಆಗಿದೆ. ಬಾಗಿಲ ಹಸಿರು ಬಣ್ಣ ಫೇಡ್ ಆಗಿದೆ. ತೋಟ ‘ಗಾನ್ ಟು ಸೀಡ್’. ಕೊಯ್ಯುವವರಿಲ್ಲದ ಸೊಪ್ಪು ಹೂಬಿಟ್ಟು ಬೀಜವಾಗಿ ನಿಂತಿದೆಯಂತೆ, ತೋಟಗಾರಿಕೆಯ ಹುಚ್ಚಿರುವವರ ಭಾಷೆಗೆ ತಕ್ಕ ಮಾತು. ಎಲ್ಲೋ ಬಿದ್ದಿದ್ದ ರಬ್ಬರ್ ಪೈಪನ್ನು ತಾತ ಕಾಲಿನಿಂದ ತಿರುವಿದರು, ಮೈತುಂಬ ಸೀಳು. ಅದಕ್ಕೆ ಇಂಗ್ಲಿಷಿನವರು ಪೆರಿಶ್ ಎನ್ನುತ್ತಾರೆ. ಹಡಗು ಮುಳುಗಿ ಸತ್ತ ನಾವಿಕರಿಗೆ ಹೇಳುವ ಪದವೇ ಹಳೇ ರಬ್ಬರಿಗೂ! ವಸ್ತುವಿಗೊಂದು ಪದವೆಂದು ಹಂಚಿಕೊಟ್ಟ ಭಾಷೆ ಅದು. ಕಬ್ಬಿಣಕ್ಕೆ ಕೊಟ್ಟದ್ದನ್ನು ಮರಕ್ಕೆ ಕೊಟ್ಟರೆ ನನ್ನಂಥವರು ಕೆಂಪು ಪೆನ್ನು ತೆಗೆಯುತ್ತೇವೆ.

ತಾತ ಇದೇ ಬಂಗಲೆಯನ್ನು ತಮ್ಮ ಕನ್ನಡದಲ್ಲಿ ತೋರಿಸುತ್ತ ಹೋದರು. “ಬಾಗ್ಲಿಗೆ ಗೆದ್ಲು ಹಿಡಿದಿದೆ ನೋಡಿ. ಸರಳಿಗೆ ತುಕ್ಕು ಹಿಡಿದಿದೆ. ಗೋಡೆಗೆ ಪಾಚಿ ಹಿಡಿದಿದೆ, ಈ ಪುಸ್ತಕದ ಬೀರು ಇತ್ತಲ್ಲ, ಅದಕ್ಕೆ ಬೂಷ್ಟು ಹಿಡಿದು ವಾಸನೆ.” ಹಿಡಿ, ಹಿಡಿ, ಹಿಡಿ. ನಮಗೆ ಕಬ್ಬಿಣ ಸುಮ್ಮನೆ ಕೆಡುವುದಿಲ್ಲ. ಹೊರಗಿನಿಂದ ಒಂದು ಬಂದು ಅದನ್ನು ಹಿಡಿಯಬೇಕು, ದೆವ್ವ ಹಿಡಿದಂತೆ, ಶನಿ ಹಿಡಿದಂತೆ. ಗೆದ್ದಲು ಕರ್ತೃ, ತುಕ್ಕು ಕರ್ತೃ. ಇಂಗ್ಲಿಷ್ ಇದನ್ನು ಪೂರ್ತಿ ಮರೆತಿದೆ ಎನ್ನಲಾಗದು. ಕರೋಡ್ ಎಂಬ ಪದವನ್ನು ಒಡೆದರೆ ಒಳಗೆ ಲ್ಯಾಟಿನ್ನಿನ ‘ಕಡಿ’, ‘ಹಲ್ಲಿನಲ್ಲಿ ಕೆರೆದು ತಿನ್ನು’ ಎಂಬ ಧಾತು ಸಿಗುತ್ತದೆ. ಎರೋಡ್‌ನಲ್ಲೂ ಅದೇ. ಇಲಿ–ಹೆಗ್ಗಣಗಳ ಕುಲಕ್ಕೆ ರೋಡೆಂಟ್ ಎಂದು ಹೆಸರು ಬಂದದ್ದೂ ಅದರಿಂದಲೇ. ತುಕ್ಕು ಒಂದು ಇಲಿ ಎಂದು ಎಂದೋ ಯಾರಿಗೋ ಅನ್ನಿಸಿತ್ತು. ಈಗಿನ ಇಂಗ್ಲಿಷಿನಲ್ಲಿ ಆ ಇಲಿ ಕಾಣುವುದಿಲ್ಲ, ಬಿಲ ಮಾತ್ರ ಉಳಿದಿದೆ.

ಡಿಕೇ ಪದದ ಒಳಗೆ ಇರುವುದು ‘ಬೀಳು’. ಲ್ಯಾಟಿನ್ನಿನ ಬೀಳುವ ಧಾತು ಫ್ರೆಂಚ್ ದಾರಿ ಹಿಡಿದು ಇಂಗ್ಲಿಷಿಗೆ ಬಂದು ಡಿಕೇ ಆಯಿತು. ರೂಯಿನ್ ಕೂಡ ಮೂಲದಲ್ಲಿ ಬೀಳುವುದೇ. ನಮ್ಮಲ್ಲೂ ಮನೆ ಪಾಳು ಬೀಳುತ್ತದೆ, ಹೊಲ ಬೀಳು ಬೀಳುತ್ತದೆ. ಇಷ್ಟು ದೂರದ ಎರಡು ಭಾಷೆಗಳಿಗೆ ಒಂದೇ ಉಪಮೆ ಹೊಳೆದದ್ದು ಕಂಡು ನನಗೆ ಖುಷಿಯಾಯಿತು. “ಡಿಕೇ ಅಂದ್ರೂ ಮೂಲದಲ್ಲಿ ಬೀಳೋದು ಅಂತಲೇ ತಾತ. ಪಾಳು ಬಿದ್ದ ಬಂಗ್ಲೆ ಅಂತೀವಲ್ಲ, ಹಾಗೆ” ಎಂದೆ.

ತಾತನಿಗೆ ಖುಷಿಯಾಗಲಿಲ್ಲ. ಮೂಲೆಯಲ್ಲಿ ಹಂಚು ಜಾರಿದ್ದ ಜಾಗ ತೋರಿಸಿದರು. “ಬಿದ್ದಿದ್ದಲ್ಲ ಮೇಡಂ ಇದು. ಅಲ್ಲಿ ನೋಡಿ, ಮೊದಲು ಹೋಗಿದ್ದು ನಾಲ್ಕು ಹಂಚು. ನಾಲ್ಕೇ. ಮೇಸ್ತ್ರಿ ಒಬ್ಬ ಅರ್ಧ ದಿನದಲ್ಲಿ ಹಾಕೋ ಕೆಲಸ. ಹಾಕಿಸಲಿಲ್ಲ. ನೀರು ಇಳೀತು, ತೊಲೆ ನೆನೀತು. ಆಮೇಲೆ ತೊಲೆ ಬಿತ್ತು, ಅದರ ಜೊತೆ ಗೋಡೆ. ಇದನ್ನ ಪಾಳು ಬಿಟ್ಟಿದ್ದು.”

ಬೀಳು, ಬಿಡು. ಇಪ್ಪತ್ತೊಂಬತ್ತನೇ ಹಾಳೆಯ ಆ ವಾಕ್ಯ ಹುಡುಗಿಯ ತಲೆಯಲ್ಲಿ ಯಾವ ಭಾಷೆಯಲ್ಲಿ ಹುಟ್ಟಿತು ಎನ್ನುವುದು ಆಗ ಗೊತ್ತಾಯಿತು. ‘ನಮ್ಮೂರನ್ನ ಪಾಳು ಬಿಟ್ಟರು.’ ಇದರಲ್ಲಿ ಸುಮ್ಮನಿದ್ದದ್ದೂ ಇದೆ, ಸುಮ್ಮನಿದ್ದವರು ಯಾರೆಂಬ ಪ್ರಶ್ನೆಯೂ ಇದೆ, ಅದರಿಂದ ಏನಾಯಿತು ಎಂಬುದೂ ಇದೆ. ಮೂರನ್ನೂ ಒಟ್ಟಿಗೆ ಹೊರುವ ಒಂದೇ ಕ್ರಿಯಾಪದ ಇಂಗ್ಲಿಷಿನಲ್ಲಿ ನನಗೆ ಇವತ್ತಿಗೂ ಸಿಕ್ಕಿಲ್ಲ. ‘ಲೆಟ್ ಇಟ್ ಫಾಲ್ ಇನ್ಟು ರೂಯಿನ್’ ಎಂದು ಐದು ಪದಗಳ ಮೆರವಣಿಗೆ ತೆಗೆಯಬೇಕು. ಹುಡುಗಿ ಮೆರವಣಿಗೆ ತೆಗೆಯಲಿಲ್ಲ, ಡಿಕೇ ಎಂಬ ಒಂಟಿ ಪದದ ಹೆಗಲಿಗೇ ಎಲ್ಲ ಭಾರ ಹೊರಿಸಿದಳು.

ಇಲ್ಲಿ ಇಂಗ್ಲಿಷಿನ ಪರವಾಗಿ ಒಂದು ಮಾತು ಹೇಳದಿದ್ದರೆ ನನ್ನ ಸಂಬಳಕ್ಕೆ ದ್ರೋಹ. ಡಿಲ್ಯಾಪಿಡೇಟೆಡ್ ಎಂಬ ಪದವಿದೆ. ಒಳಗೆ ‘ಕಲ್ಲು’ ಇರುವ ಲ್ಯಾಟಿನ್ ಪದ. ಇವತ್ತು ಅದು ಬರೀ ಮುರುಕು ಮನೆಯ ವಿಶೇಷಣ. ಆದರೆ ಇಂಗ್ಲೆಂಡಿನ ಚರ್ಚಿನ ಕಾನೂನಿನಲ್ಲಿ ಅದು ತಪ್ಪಿನ ಹೆಸರಾಗಿತ್ತು. ಪಾದ್ರಿಯೊಬ್ಬ ತನಗೆ ಕೊಟ್ಟ ಮನೆಯನ್ನು ರಿಪೇರಿ ಮಾಡಿಸದೆ ಬಿಟ್ಟರೆ ಅದು ಡಿಲ್ಯಾಪಿಡೇಷನ್. ಮುಂದೆ ಬರುವ ಪಾದ್ರಿ ಅದರ ಖರ್ಚು ಕೇಳಬಹುದಿತ್ತು. ಈಗಲೂ ಅಲ್ಲಿ ವ್ಯಾಪಾರದ ಕಟ್ಟಡದ ಗುತ್ತಿಗೆ ಮುಗಿದಾಗ ಮಾಲೀಕ ಬಾಡಿಗೆದಾರನಿಗೆ ಡಿಲ್ಯಾಪಿಡೇಷನ್ಸ್ ಎಂಬ ಪಟ್ಟಿ ಕಳಿಸುತ್ತಾನೆ: ಇಂಥ ಗೋಡೆ, ಇಂಥ ಕೊಳಾಯಿ, ಇಷ್ಟು ಹಣ. ತಾತನಿಗೆ ಇದನ್ನು ವಿವರಿಸಿದಾಗ ಒಂದು ಕ್ಷಣ ಬಂಗಲೆಯನ್ನೂ ಅದರಾಚೆಯ ಬಯಲನ್ನೂ ನೋಡಿದರು. “ಆ ಪಟ್ಟಿ ಬರೆಯೋಕೆ ಎಷ್ಟು ನೋಟ್‌ಬುಕ್ ಬೇಕಾಗುತ್ತೆ ಮೇಡಂ?”

ಗಿಫರ್ಡ್ ಶಾಫ್ಟಿನ ಹತ್ತಿರ ಬಿಡುವುದಿಲ್ಲ. ಕಾಂಪೌಂಡಿನ ಆಚೆಯಿಂದಲೇ ನೋಡಿದೆವು. ಆಕಾಶಕ್ಕೆ ನಿಂತ ಉಕ್ಕಿನ ಹೆಡ್‌ಗೇರ್, ಮೇಲೆ ದೊಡ್ಡ ಗಾಲಿಗಳು. ತುಕ್ಕಿನ ಬಣ್ಣ ಎಷ್ಟು ಒಂದೇ ಸಮನಾಗಿದೆಯೆಂದರೆ ಬೇಕೆಂದೇ ಬಳಿದ ಹಾಗಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಜಗತ್ತಿನ ಅತಿ ಆಳದ ಗಣಿಗಳ ಪಟ್ಟಿಯಲ್ಲಿ ಬಹುಕಾಲ ಇದ್ದದ್ದು. ಅಲ್ಲಿ ಕೆಳಗೆ ಬಂಡೆಯನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಈಗ ಪಂಪುಗಳಿಲ್ಲ, ನೀರು ತುಂಬಿದೆ.

“ತುಕ್ಕು ದೊಡ್ಡ ಶತ್ರು ಅಲ್ಲ” ಎಂದರು ತಾತ, ನಾನು ಕೇಳದೆಯೇ. “ತುಕ್ಕು ಕಣ್ಣಿಗೆ ಕಾಣುತ್ತೆ, ಉಜ್ಜಬಹುದು, ಗ್ರೀಸ್ ಹಚ್ಚಬಹುದು. ನಮಗೆ ಭಯ ಇದ್ದಿದ್ದು ಫಟೀಗ್. ರೋಪಿಗೆ ಸುಸ್ತಾಗುತ್ತೆ ಮೇಡಂ. ಹೊರಗಡೆ ಹೊಳೀತಾ ಇರುತ್ತೆ, ಒಳಗೆ ಒಂದೊಂದೇ ಎಳೆ ಕಡಿದುಹೋಗ್ತಾ ಇರುತ್ತೆ.” ಅದನ್ನು ಹೇಗೆ ಕಂಡುಹಿಡಿಯುತ್ತಿದ್ದಿರಿ? ಜೇಬಿನಿಂದ ಕರವಸ್ತ್ರ ತೆಗೆದು ಎಡಗೈ ಮುಷ್ಟಿಗೆ ಸುತ್ತಿದರು, ಆ ಮುಷ್ಟಿಯೊಳಗೆ ಬಲಗೈಯ ತೋರುಬೆರಳನ್ನು ತೂರಿಸಿ ನಿಧಾನ ಎಳೆದರು. ಡ್ರಮ್ಮನ್ನು ಮೆಲ್ಲಗೆ ತಿರುಗಿಸಿ ಉಕ್ಕಿನ ರೋಪನ್ನು ಹೀಗೇ ಹರಿಯಬಿಡುತ್ತಿದ್ದರಂತೆ, ಸುತ್ತ ಹಿಡಿದ ಕಾಟನ್ ವೇಸ್ಟಿನೊಳಗೆ. ಎಲ್ಲಾದರೂ ಒಂದು ತಂತಿ ಕಡಿದು ಮೊನೆ ಹೊರಬಂದಿದ್ದರೆ ಹತ್ತಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಯಂತ್ರ ನಿಲ್ಲಿಸಿ, ಗುರುತು ಹಾಕಿ, ಪುಸ್ತಕದಲ್ಲಿ ಬರೆಯಬೇಕು. ಒಂದು ಕೇಜ್ ತುಂಬ ಜನರ ಜೀವ ಒಂದು ಹಿಡಿ ಹತ್ತಿಯ ಕೈಯಲ್ಲಿ. ಕರವಸ್ತ್ರವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಇಂಗ್ಲಿಷಿನಲ್ಲಿ ಲೋಹ ದಣಿಯುತ್ತದೆ ಎಂದು ನಾನು ಓದಿದ್ದೆ. ಒಂದು ಹಗ್ಗದ ಸುಸ್ತನ್ನು ಅಂಗೈಯಲ್ಲಿ ಅರಿತವರನ್ನು ನೋಡಿದ್ದು ಅದೇ ಮೊದಲು.

ಗಣಿಗಾರರು ಇಂಗ್ಲಿಷಿಗೆ ಕೊಟ್ಟ ಕ್ರಿಯಾಪದವೂ ಒಂದಿದೆ: ಪೀಟರ್ ಔಟ್. ಹತ್ತೊಂಬತ್ತನೇ ಶತಮಾನದ ಅಮೆರಿಕದ ಗಣಿಗಳ ಆಡುಮಾತು ಅದು. ಅದಿರಿನ ಎಳೆ ಹೋಗುತ್ತ ಹೋಗುತ್ತ ಸಣ್ಣಗಾಗಿ, ಕೊನೆಗೊಮ್ಮೆ ಬಂಡೆಯೊಳಗೆ ಇಲ್ಲವಾಗುವುದು. ಈಗ ಚಪ್ಪಾಳೆಯೂ ಪೀಟರ್ ಔಟ್ ಆಗುತ್ತದೆ, ಪ್ರೇಮವೂ ಆಗುತ್ತದೆ. ಆದರೆ ಆ ಪದ ಅದರ ಸ್ವಂತ ಅರ್ಥದಲ್ಲಿ ನಡೆದದ್ದು ನಮ್ಮ ಕಾಲ ಕೆಳಗೆ. ಮೊದಲ ವರ್ಷಗಳಲ್ಲಿ ಒಂದು ಟನ್ ಕಲ್ಲಿಗೆ ಹತ್ತಾರು ಗ್ರಾಂ ಚಿನ್ನ ಕೊಟ್ಟ ರೀಫು ಕೊನೆಕೊನೆಗೆ ಕೆಲವೇ ಗ್ರಾಮಿಗೆ ಇಳಿಯಿತು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಿಗೆ. ಕೈ ಬದಲಾದರೂ ರೀಫು ದಪ್ಪವಾಗಲಿಲ್ಲ. ಆಳ ಹೆಚ್ಚಿತು, ಖರ್ಚು ಹೆಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ‘ವಾಸ್ ಕ್ಲೋಸ್ಡ್’ ಎನ್ನುತ್ತದೆ ಇಂಗ್ಲಿಷ್, ಮುಚ್ಚಲ್ಪಟ್ಟಿತು, ಯಾರಿಂದ ಎಂದು ಹೇಳಬೇಕಾದ ಜರೂರಿಲ್ಲದೆ. ನಾನು ನ್ಯಾಯವಾಗಿಯೇ ಹೇಳಬೇಕೆಂದರೆ, ಗಣಿಯ ಮಟ್ಟಿಗೆ ಅಕರ್ಮಕ ಕ್ರಿಯಾಪದ ಸುಳ್ಳಲ್ಲ. ಚಿನ್ನ ನಿಜಕ್ಕೂ ತೀರುತ್ತ ಬಂದಿತ್ತು. ತಾತನೂ ಅದನ್ನು ಒಪ್ಪುತ್ತಾರೆ. ಅವರ ತಕರಾರು ಮೇಲಿನ ನಾಲ್ಕು ಹಂಚಿನದು.

ಇದೇ ಗಣಿಯ ಹೊಟ್ಟೆಯಲ್ಲಿ ಡಿಕೇ ಎಂಬ ಪದಕ್ಕೆ ಇನ್ನೊಂದು ಬಾಳು ಇತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿಗೆ ಇಳಿಯುತ್ತಿದ್ದರು. ಆಳಕ್ಕೆ ಹೋದಷ್ಟೂ ಆಕಾಶದಿಂದ ಸುರಿಯುವ ಕಣಗಳ ಗದ್ದಲ ಬಂಡೆಗೆ ಸಿಕ್ಕಿ ಅಡಗುತ್ತದೆ, ಸೂಕ್ಷ್ಮವಾದದ್ದು ಕೇಳಿಸುತ್ತದೆ. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು ಮೊದಲು ಹಿಡಿದ ಜಾಗಗಳಲ್ಲಿ ಕೆಜಿಎಫ್ ಒಂದು. 1980ರ ದಶಕದಲ್ಲಿ ಅವರು ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ 140 ಟನ್ ಕಬ್ಬಿಣ ಜೋಡಿಸಿ ಕಾದು ಕುಳಿತರು. ಪ್ರೋಟಾನ್ ಡಿಕೇ ಆಗುತ್ತದೆಯೆ ಎಂದು ನೋಡಲು. ಎಲ್ಲ ವಸ್ತುವಿನ ಬುಡದಲ್ಲಿರುವ ಆ ಕಣವೇ ಎಂದಾದರೂ ಒಡೆಯುವುದಾದರೆ ಉಳಿದದ್ದರ ಪಾಡೇನು ಎಂಬ ಪ್ರಶ್ನೆ. ಕೆಲವು ಘಟನೆಗಳು ಇರಬಹುದೆಂಬ ಆಸೆ ಹುಟ್ಟಿಸಿದವು, ಆದರೆ ಖಾತ್ರಿಯಾಗಲಿಲ್ಲ. ಪ್ರೋಟಾನ್ ಡಿಕೇ ಆದದ್ದನ್ನು ಇಂದಿಗೂ ಯಾರೂ ಕಂಡಿಲ್ಲ. ಆಗುವುದಿದ್ದರೂ ಅದಕ್ಕೆ 1ರ ಮುಂದೆ ಮೂವತ್ತಕ್ಕಿಂತ ಹೆಚ್ಚು ಸೊನ್ನೆ ಹಾಕಬೇಕಾದಷ್ಟು ವರ್ಷ ಬೇಕಂತೆ.

ತಾತನಿಗೆ ಅವರ ನೆನಪಿದೆ. “ಬಾಂಬೆ ಸೈಂಟಿಸ್ಟುಗಳು. ಕಬ್ಬಿಣ ಕೆಡುತ್ತಾ ಅಂತ ನೋಡ್ತಿದಾರೆ ಅಂತ ನಾವು ಮಾತಾಡ್ಕೊಳ್ತಿದ್ವಿ. ನಮ್ಮನ್ನ ಕೇಳಿದ್ರೆ ಹೇಳ್ತಿರಲಿಲ್ವಾ?” ಎಂದು ನಕ್ಕರು.

ಭೌತಶಾಸ್ತ್ರದ ಡಿಕೇಗೆ ಎರಡು ಗುಣಗಳಿವೆ. ಮೊದಲನೆಯದಾಗಿ, ಅಲ್ಲಿ ಒಂದು ಕಣ ಡಿಕೇ ಆಗಿ ಸುಮ್ಮನಾಗುವುದಿಲ್ಲ, ‘ಡಿಕೇ ಇನ್ಟು’ ಎನ್ನುತ್ತಾರೆ, ಇನ್ನೊಂದಾಗುತ್ತದೆ. ಎರಡನೆಯದಾಗಿ, ಅಲ್ಲಿ ನಿಜಕ್ಕೂ ಯಾರೂ ಏನೂ ಮಾಡುವುದಿಲ್ಲ. ತಳ್ಳುವವರಿಲ್ಲ, ಮರೆತವರಿಲ್ಲ, ಹಂಚು ಹಾಕಿಸದವರಿಲ್ಲ. ನಾನು ಕ್ಲಾಸಿನಲ್ಲಿ ಹೇಳಿಕೊಡುವ ಅಪ್ಪಟ ಅಕರ್ಮಕ ಎಂದರೆ ಅದೇ. ಅಂದು ರಾತ್ರಿ ಮನೆಯಲ್ಲಿ ದೊಡ್ಡ ನಿಘಂಟು ತೆಗೆದಾಗ ನನ್ನ ವ್ಯಾಕರಣಕ್ಕೆ ಸಣ್ಣ ಪೆಟ್ಟು ಬಿದ್ದಿತ್ತು. ಡಿಕೇಗೆ ಸಕರ್ಮಕ ಬಳಕೆಯೂ ಇದೆ, ವಿರಳವಾಗಿ: ಬ್ಯಾಕ್ಟೀರಿಯಾ ಮರವನ್ನು ಡಿಕೇ ಮಾಡಬಹುದು, ಸಕ್ಕರೆ ಹಲ್ಲನ್ನು ಡಿಕೇ ಮಾಡಬಹುದು. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ, ಊರು ಪ್ರೋಟಾನಿನ ಜಾತಿಯದೋ ಹಲ್ಲಿನ ಜಾತಿಯದೋ. ಹುಡುಗಿ ಹಲ್ಲು ಎಂದಿದ್ದಳು. ನಾನು ಪ್ರೋಟಾನ್ ಎಂದು ಸುತ್ತು ಹಾಕಿದ್ದೆ.

ಲೈನ್ ಮನೆಗಳ ಕಡೆ ತಿರುಗಿದೆವು. ಕಂಪನಿ ಕಾಲದಲ್ಲಿ ಕೂಲಿಗಳಿಗೆ ಕಟ್ಟಿದ ಸಾಲುಮನೆಗಳಿಗೆ ಲೈನ್ ಎಂದೇ ಹೆಸರು, ಮೊದಲು ಬಿದಿರ ತಟ್ಟಿ, ಆಮೇಲೆ ಗೋಡೆ, ಶೀಟು. ಒಂದು ಕೋಣೆ, ಮುಂದೆ ಒಂದು ಮೆಟ್ಟಿಲು, ಪಕ್ಕದಲ್ಲೇ ಇನ್ನೊಂದು ಮನೆಯ ಮೆಟ್ಟಿಲು. ಪತ್ರಿಕೆಗಳಿಗೆ ಕೆಜಿಎಫ್ ಎಂದರೆ ‘ಘೋಸ್ಟ್ ಟೌನ್’, ದೆವ್ವದ ಊರು. ಇಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ದೆವ್ವಗಳು ನಲ್ಲಿಯ ಮುಂದೆ ಕೊಡ ಸಾಲಿಟ್ಟುಕೊಂಡು ಜಗಳವಾಡುವುದನ್ನು ನಾನು ಕಂಡಿಲ್ಲ. ಒಂದು ಮನೆಯಿಂದ ಒಗ್ಗರಣೆ, ಒಂದು ಮನೆಯಿಂದ ತಮಿಳು ಹಾಡು, ಇನ್ನೊಂದರ ಮುಂದೆ ಹೊಸ ಸ್ಕೂಟರಿಗೆ ಅರಿಸಿನ ಕುಂಕುಮ.

ಒಂದು ಮನೆಯ ಮುಂದೆ ತಾತ ದನಿ ತಗ್ಗಿಸಿದರು. ಅಲ್ಲಿದ್ದವರು ಜೊತೆಗೆ ಕೆಲಸ ಮಾಡಿದವರು, ಡ್ರಿಲ್ ಹಿಡಿದವರು. ಸಿಲಿಕೋಸಿಸ್. ಕಲ್ಲಿನ ನವಿರು ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡುತ್ತ ಬರುತ್ತದೆ, ಅದರ ಬೆನ್ನಿಗೆ ಟಿಬಿ ಸುಲಭವಾಗಿ ಅಂಟುತ್ತದೆ. ಟಿಬಿಗೆ ಹಿಂದಿನ ಇಂಗ್ಲಿಷಿನಲ್ಲಿ ಕನ್ಸಂಪ್ಷನ್ ಎನ್ನುತ್ತಿದ್ದರು, ತಿಂದುಹಾಕುವ ರೋಗ. ಹಳೆಯ ಕಾದಂಬರಿಗಳಲ್ಲಿ ‘ಎ ಡಿಕ್ಲೈನ್’ ಎಂದರೂ ಅದೇ. ಹುಡುಗಿಯೊಬ್ಬಳು ‘ಡಿಕ್ಲೈನ್‌ಗೆ ಹೋದಳು’ ಎಂದರೆ ಓದುಗರಿಗೆ ಕೆಮ್ಮು ಕೇಳಿಸುತ್ತಿತ್ತು. ಕನ್ನಡದಲ್ಲಿ ಕ್ಷಯ. ಚಂದ್ರನಿಗೂ ಕ್ಷಯ, ಎದೆಗೂ ಕ್ಷಯ, ವಿಜ್ಞಾನದ ಪುಸ್ತಕದಲ್ಲಿ ಪ್ರೋಟಾನಿಗೂ ಕ್ಷಯ. ಡಿಕ್ಲೈನ್ ಮಾತ್ರ ಮುಂದೆ ಬಹಳ ಸಭ್ಯ ಪದವಾಯಿತು. ಸಾಮ್ರಾಜ್ಯಗಳಿಗೆ, ಷೇರಿನ ಬೆಲೆಗೆ, ಜನಸಂಖ್ಯೆಗೆ. ಗಿಬ್ಬನ್ ರೋಮ್ ಸಾಮ್ರಾಜ್ಯದ ‘ಡಿಕ್ಲೈನ್ ಅಂಡ್ ಫಾಲ್’ ಇತಿಹಾಸದ ಮೊದಲ ಸಂಪುಟ ತಂದ 1776ರಿಂದ ಅದಕ್ಕೆ ಕೋಟು ಟೈ ಬಂದಿದೆ. ಯಾವುದೋ ಒಂದು ಇಳಿಜಾರಿನಲ್ಲಿ ಎಲ್ಲವೂ ಮೆಲ್ಲಗೆ, ಮರ್ಯಾದೆಯಿಂದ ಜಾರುವ ಚಿತ್ರ. ವರದಿ ಬರೆಯುವವರಿಗೆ ಅದು ಅಚ್ಚುಮೆಚ್ಚು. ತಮಾಷೆಯೆಂದರೆ ಡಿಕ್ಲೈನ್‌ಗೆ ಮಾಡುವವನೊಬ್ಬ ಬೇಕೇ ಬೇಕು ಎನ್ನುವ ಅರ್ಥವೂ ಇದೆ: ನಿರಾಕರಿಸು. ಅರ್ಜಿಯನ್ನು ಡಿಕ್ಲೈನ್ ಮಾಡಿದರು. ಅಲ್ಲಿ ಕರ್ತೃ ಕುರ್ಚಿಯ ಮೇಲೆ ಕೂತು ಸಹಿ ಹಾಕುತ್ತಾನೆ.

ಆ ಮನೆಯ ಮೆಟ್ಟಿಲ ಮೇಲೆ ಕೂತು ನೀರು ಕುಡಿದೆವು. ಒಂದೇ ಕಲ್ಲಿನ ಚಪ್ಪಡಿ. ನಟ್ಟನಡುವೆ ಅಂಗೈ ಅಗಲದ ತಗ್ಗು, ಮುಟ್ಟಿದರೆ ಎಣ್ಣೆ ಹಚ್ಚಿದಂತೆ ನುಣುಪು. ಮೂರು ತಲೆಮಾರು ಪಾಳಿ ಬದಲಿಸಿ ಒಳಗೆ ಹೊರಗೆ ಓಡಾಡಿದ ಗುರುತು. ಇದು ಸವೆದದ್ದು. ಈ ಪದಕ್ಕೆ ನಾನು ಕೊಳೆಯುವ, ಕುಸಿಯುವ ಪದಗಳ ಸಾಲಿನಲ್ಲಿ ಜಾಗ ಕೊಡಲಾರೆ. ಸವೆಯಬೇಕಾದರೆ ಬಳಕೆಯಲ್ಲಿರಬೇಕು. ಯಾರೂ ತುಳಿಯದ ಬಂಗಲೆಯ ಮೆಟ್ಟಿಲು ಚೂಪು ಅಂಚಿನೊಂದಿಗೆ ಹಾಗೇ ಇತ್ತು, ಅದರ ಹಿಂದಿನ ಮನೆಯೇ ಬಿದ್ದಿತ್ತು. ಇಂಗ್ಲಿಷ್ ಕರಾರುಪತ್ರಗಳು ಕೂಡ ‘ವೇರ್ ಅಂಡ್ ಟೇರ್’ ಅನ್ನು ಮನ್ನಿಸುತ್ತವೆ. ಬಾಳಿದ್ದಕ್ಕೆ ದಂಡವಿಲ್ಲ.

ಸೈನೈಡ್ ದಿಬ್ಬದ ಬಗ್ಗೆ ಹೆಚ್ಚು ಬರೆಯಲಾರೆ. ಹತ್ತಲಿಲ್ಲ, ಬಿಸಿಲು ಏರಿತ್ತು. 2018ರ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಆ ದಿಬ್ಬವನ್ನು ನೋಡದ ಕನ್ನಡಿಗರಿಲ್ಲ. ಚಿನ್ನ ಬಿಡಿಸಿಕೊಂಡ ಮೇಲೆ ಉಳಿದ ಕಲ್ಲಿನ ಹಿಟ್ಟು, ಮೂರು ಕೋಟಿ ಟನ್ನಿಗೂ ಮಿಕ್ಕಿ, ಒಟ್ಟು ಹದಿಮೂರು ದಿಬ್ಬ. ಮಳೆ ಅವುಗಳ ಮೈಯಲ್ಲಿ ಬೆರಳು ಬೆರಳಾಗಿ ಕೊರಕಲು ತೆಗೆದಿದೆ. ಎರೋಡ್, ಲ್ಯಾಟಿನ್ನಿನ ಇಲಿಯ ಕೆಲಸ. ಗಾಳಿ ಜೋರಾದರೆ ಆ ಹಿಟ್ಟು ಲೈನ್ ಮನೆಗಳ ಅನ್ನದ ತಟ್ಟೆಗೂ ಬರುತ್ತದೆ ಎಂದು ಮನೆಯಾಕೆ ಹೇಳಿದರು. ಆಷಾಢದಲ್ಲಿ ಕಿಟಕಿ ತೆಗೆಯುವುದಿಲ್ಲವಂತೆ.

ತಾತನ ಮನೆ ತಲುಪಿದಾಗ ಎರಡು ಗಂಟೆ. ಹುಡುಗಿ ಕುಕ್ಕರ್ ಇಳಿಸುತ್ತಿದ್ದಳು. ಅಜ್ಜಿ ಬಂದು ನನ್ನ ಕೈಗೆ ಮಜ್ಜಿಗೆ ಕೊಟ್ಟು, ಏನೇನು ನೋಡಿದಿರಿ ಎಂದು ಕೇಳಿದರು. ನಾನು ಹೇಳುವುದರೊಳಗೆ ತಾವೇ “ಎಲ್ಲಾಂ ಪೋಚ್ಚು” ಎಂದು ಕೈಯನ್ನು ಗಾಳಿಯಲ್ಲಿ ಬಿಟ್ಟರು. ಎಲ್ಲ ಹೋಯ್ತು. ಬೆಳಗಿನಿಂದ ನಾನು ಕಲೆಹಾಕಿದ ಎರಡು ಡಜನ್ ಕ್ರಿಯಾಪದಗಳ ಕೆಲಸವನ್ನು ಅದೊಂದೇ ಮುಗಿಸಿತು. ನಮ್ಮಲ್ಲೂ ಹಾಗೇ ತಾನೆ: ಕರೆಂಟು ಹೋಯ್ತು, ಕೆಲಸ ಹೋಯ್ತು, ಕಣ್ಣು ಹೋಯ್ತು, ಜೀವ ಹೋಯ್ತು. ಅಜ್ಜಿಯ ಮೂಗಿನಲ್ಲಿ ಒಂದು ಹರಳಿನ ಚಿನ್ನದ ಮೂಗುಬೊಟ್ಟು ಹೊಳೆಯಿತು. ಚಿನ್ನಕ್ಕೆ ಈ ಯಾವ ಪದವೂ ಬೇಕಿಲ್ಲ, ಅದು ತುಕ್ಕು ಹಿಡಿಯದು, ಕೊಳೆಯದು. ಅದು ಎಲ್ಲೋ ಬ್ಯಾಂಕಿನ ಕಪಾಟಿನಲ್ಲಿ, ಯಾರದೋ ಕತ್ತಿನಲ್ಲಿ ಇದ್ದ ಹಾಗೇ ಇದೆ.

ಊಟವಾದ ಮೇಲೆ ಚೀಲದಿಂದ ಹುಡುಗಿಯ ಪ್ರಬಂಧ ತೆಗೆದೆ. ಕೆಂಪು ಸುತ್ತನ್ನು ಏನು ಮಾಡಬೇಕೆಂದು ನಾನಿನ್ನೂ ತೀರ್ಮಾನಿಸಿರಲಿಲ್ಲ. ಅಳಿಸಿದರೆ ನಾಳೆ ಪರೀಕ್ಷೆಯ ಪೇಪರಿನಲ್ಲಿ ಬೇರೆ ಮೌಲ್ಯಮಾಪಕರು ಅಂಕ ಕಳೆಯುತ್ತಾರೆ. ಉಳಿಸಿದರೆ ಬೆಳಗಿನಿಂದ ನಡೆದದ್ದಕ್ಕೆ ಅರ್ಥವಿಲ್ಲ. ತಾತ ಕೈಚಾಚಿದರು. ಕನ್ನಡಕ ಹಾಕಿಕೊಂಡು, ಪುಸ್ತಕದಲ್ಲಿ ಹಗ್ಗದ ದಾಖಲೆ ಓದುವವರಂತೆ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ಮೂರನೇ ಪ್ಯಾರಾಗೆ ಬಂದರು, ಕೆಂಪು ಸುತ್ತಿನ ಮೇಲೆ ಬೆರಳು ಒಂದು ಕ್ಷಣ ನಿಂತಿತು, ಮುಂದೆ ಸರಿಯಿತು. ನಾಲ್ಕನೇ ಪ್ಯಾರಾದಲ್ಲಿ ಮತ್ತೆ ನಿಂತಿತು. ಈ ಸಲ ತಲೆ ಎತ್ತಿದರು.

“ಮೇಡಂ, ಇದನ್ನ ನೀವು ನೋಡೇ ಇಲ್ಲ.”

ಬಗ್ಗಿ ನೋಡಿದೆ.

“ವೈಂಡಿಂಗ್ ಎಂಜಿನ್. ಎಂಜಿನ್ ಸ್ಪೆಲ್ಲಿಂಗ್‌ನಲ್ಲಿ ಕೊನೇ ‘ಇ’ ಬಿಟ್ಟಿದಾಳೆ” ಎಂದು ಮೊಮ್ಮಗಳ ಕಡೆ ಕಣ್ಣು ಬಿಟ್ಟರು. “ಇದಕ್ಕೆ ಹಾಕಿ ರೌಂಡು.”